ಸೋಸಿದ ನೀರಿನ ಶೇಷವೂ ಮಂಗಳನ ಮಣ್ಣೂ

ಹದಿಮೂರನೆಯ ಶತಮಾನದ ಪಂಡಿತ ಆಶಾಧರನು ತನ್ನ ‘ಸಾಗಾರಧರ್ಮಾಮೃತ’ದಲ್ಲಿ ಜಲಗಾಲನಕ್ಕೆ, ಎಂದರೆ ನೀರನ್ನು ಸೋಸಿಯೇ ಬಳಸಬೇಕೆಂಬ ಶ್ರಾವಕನ ನಿಯಮಕ್ಕೆ, ಸಲ್ಲದ ನಡತೆಗಳನ್ನು ಎಣಿಸುತ್ತಾನೆ. ಸೋಸಿ ಎರಡು ಮುಹೂರ್ತ, ಅಂದರೆ ನಾಲ್ಕು ಗಳಿಗೆ, ಕಳೆದ ಮೇಲೂ ಮತ್ತೆ ಸೋಸದೆ ಬಳಸುವುದು ಒಂದು. ಯೋಗ್ಯವಲ್ಲದ ಬಟ್ಟೆಯಲ್ಲಿ ಸೋಸುವುದು ಇನ್ನೊಂದು. ಮೂರನೆಯದನ್ನು ಓದುಗರು ಬೇಗ ದಾಟಿಬಿಡುತ್ತಾರೆ: ಸೋಸಿದಾಗ ಬಟ್ಟೆಯ ಮೇಲೆ ಉಳಿದ ಶೇಷವನ್ನು, ಆ ನೀರು ಬಂದ ಜಲಾಶಯಕ್ಕಲ್ಲದೆ ಬೇರೊಂದು ಜಲಾಶಯಕ್ಕೆ ಸುರಿಯುವುದು.

ನೀರು ಸೋಸುವ ಆಚಾರವನ್ನು ವಿವರಿಸುವ ಆಧುನಿಕ ಉಪನ್ಯಾಸಗಳೆಲ್ಲ ಅದನ್ನು ಆರೋಗ್ಯದ ಲೆಕ್ಕಕ್ಕೆ ಬರೆದುಕೊಳ್ಳುತ್ತವೆ. ಮೊದಲ ಎರಡು ನಿಯಮಗಳು ಆ ಲೆಕ್ಕಕ್ಕೆ ಒಗ್ಗುತ್ತವೆ. ಮೂರನೆಯದು ಒಗ್ಗುವುದಿಲ್ಲ. ಬಟ್ಟೆಯ ಶೇಷ ಯಾವ ಬಾವಿಗೆ ಬಿದ್ದರೂ ಕುಡಿಯುವವನ ಹೊಟ್ಟೆಗೆ ನಷ್ಟವೂ ಇಲ್ಲ, ಲಾಭವೂ ಇಲ್ಲ. ಹಾಗಾದರೆ ಆ ನಿಯಮ ಯಾರಿಗಾಗಿ? ಬಟ್ಟೆಯ ಮೇಲೆ ಉಳಿದವುಗಳಿಗಾಗಿ, ಮತ್ತು ಅವು ಹೋಗಿ ಸೇರಬಾರದ ಇನ್ನೊಂದು ನೀರಿಗಾಗಿ. ಒಂದು ನೀರಿನ ಜೀವ ಇನ್ನೊಂದು ನೀರಿನಲ್ಲಿ ತಾನೂ ಸಾಯಬಹುದು, ಅಲ್ಲಿಯದನ್ನೂ ಕೊಲ್ಲಬಹುದು. ಕಣ್ಣಿಗೆ ಕಾಣದ ಜೀವಕ್ಕೂ ಒಂದು ಸ್ಥಳವಿದೆ, ಆ ಸ್ಥಳವನ್ನು ಮನುಷ್ಯ ತನ್ನ ಅನುಕೂಲಕ್ಕಾಗಿ ಬದಲಿಸಬಾರದು ಎಂಬುದು ಇದರ ತಿರುಳು. ಇಂದು ಅಂತರಿಕ್ಷ ವಿಜ್ಞಾನದಲ್ಲಿ ‘ಗ್ರಹರಕ್ಷಣೆ’ ಎಂದು ಕರೆಯುವ ಶಿಸ್ತು ಕೇಳುವುದೂ ಇಷ್ಟನ್ನೇ. ಭೂಮಿಯ ಸೂಕ್ಷ್ಮಜೀವಿಗಳನ್ನು ನೌಕೆಗಳ ಮೂಲಕ ಬೇರೆ ಗ್ರಹಗಳಿಗೆ ಒಯ್ಯಬೇಡಿ. ಅಲ್ಲಿಂದ ಏನನ್ನಾದರೂ ತಂದರೆ ಎಚ್ಚರದಿಂದ ತನ್ನಿ.

ಈ ಶಿಸ್ತಿನ ಹುಟ್ಟಿನಲ್ಲಿ ಭಾರತಕ್ಕೆ ಒಂದು ಪಾತ್ರವಿದೆ. ಅದು ಇಲ್ಲಿ ಹೆಚ್ಚು ಪ್ರಚಾರವಾಗಿಲ್ಲ. 1957ರ ಅಕ್ಟೋಬರದಲ್ಲಿ ಸ್ಪುಟ್ನಿಕ್ ಹಾರಿತು. ಆ ನವೆಂಬರಿನಲ್ಲಿ ಅಮೆರಿಕದ ತಳಿವಿಜ್ಞಾನಿ ಜೋಶುವಾ ಲೆಡರ್‌ಬರ್ಗ್ ಕಲ್ಕತ್ತೆಯಲ್ಲಿ ಜೆ.ಬಿ.ಎಸ್. ಹಾಲ್ಡೇನರ ಅತಿಥಿಯಾಗಿದ್ದರು. ಅದೇ ವರ್ಷ ಇಂಗ್ಲೆಂಡನ್ನು ತೊರೆದು ಬಂದಿದ್ದ ಹಾಲ್ಡೇನ್ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದರು. ಚಂದ್ರಗ್ರಹಣದ ರಾತ್ರಿ; ರಷ್ಯಾ ಕ್ರಾಂತಿಯ 40ನೆಯ ವಾರ್ಷಿಕೋತ್ಸವವೂ ಆಗಲೇ. ಉತ್ಸವದ ಅಂಗವಾಗಿ ಸೋವಿಯೆತ್ತರು ಗ್ರಹಣಗ್ರಸ್ತ ಚಂದ್ರನ ಮೇಲೆ ಬಾಂಬೊಂದನ್ನು ಸಿಡಿಸಿ ಜಗತ್ತಿಗೆ ತೋರಿಸಿದರೆ ಏನಾದೀತು ಎಂಬ ಮಾತು ಆ ಊಟದ ಹೊತ್ತಿನಲ್ಲಿ ಬಂತೆಂದು ಲೆಡರ್‌ಬರ್ಗ್ ಮುಂದೆ ನೆನೆದಿದ್ದಾರೆ. ಪ್ರದರ್ಶನದ ಹುಚ್ಚಿಗೆ ಅಧ್ಯಯನದ ವಸ್ತುವೇ ಬಲಿಯಾಗಬಹುದೆಂಬ ಅವರ ಚಿಂತೆ ಅಲ್ಲಿಂದ ಬೆಳೆಯಿತು. 1958ರಲ್ಲಿ ಅವರು ಡೀನ್ ಕೌವಿ ಅವರೊಡನೆ ‘ಸೈನ್ಸ್’ ಪತ್ರಿಕೆಯಲ್ಲಿ ಚಂದ್ರನ ಧೂಳನ್ನು ಕುರಿತು ಬರೆದರು. ಅದೇ ವರ್ಷ ಅಂತರಿಕ್ಷ ಸಂಶೋಧನೆಯ ಅಂತರರಾಷ್ಟ್ರೀಯ ಸಮಿತಿ ಕೋಸ್ಪಾರ್ ಸ್ಥಾಪನೆಯಾಯಿತು. ಆತಿಥೇಯ ಹಾಲ್ಡೇನರಂತೂ ಭಾರತದಲ್ಲಿದ್ದ ವರ್ಷಗಳಲ್ಲಿ ಜೀವಿಗಳನ್ನು ಕೊಲ್ಲದೆ ನಡೆಸುವ ಅಹಿಂಸಾತ್ಮಕ ಜೀವವಿಜ್ಞಾನದ ಪರವಾಗಿ ವಾದಿಸಿದರು. 1967ರ ಬಾಹ್ಯಾಕಾಶ ಒಪ್ಪಂದದ 9ನೆಯ ವಿಧಿ, ಆಕಾಶಕಾಯಗಳನ್ನು ಹಾನಿಕರವಾಗಿ ಮಲಿನಗೊಳಿಸದಂತೆ ನಡೆದುಕೊಳ್ಳುವ ಹೊಣೆಯನ್ನು ರಾಷ್ಟ್ರಗಳ ಮೇಲಿಟ್ಟಿತು. ಭಾರತ ಅದಕ್ಕೆ ಅದೇ ವರ್ಷ ಸಹಿ ಹಾಕಿ 1982ರಲ್ಲಿ ಅನುಮೋದನೆ ನೀಡಿತು.

ಇಷ್ಟರ ಮೇಲೂ ಈ ಶಿಸ್ತನ್ನು ಅಡ್ಡಿಯೆಂದು ಬಗೆಯುವವರಿದ್ದಾರೆ. ಅವರ ಮಾತಿಗೆ ಬರುವ ಮೊದಲು ಮನೆಯೊಳಗಿನ ಒಂದು ಕೆಡುಕನ್ನು ಎತ್ತಿಹೇಳಬೇಕು.

ಜೈನ ಸಭೆಗಳಲ್ಲಿ ಸೂಕ್ಷ್ಮಜೀವಿಯ ಮಾತು ಬಂದೊಡನೆ ಒಂದು ಹೆಮ್ಮೆಯ ವಾಕ್ಯ ತಪ್ಪದೆ ಬರುತ್ತದೆ: ‘ನಿಗೋದವೆಂದರೆ ಬ್ಯಾಕ್ಟೀರಿಯವೇ, ಸೂಕ್ಷ್ಮದರ್ಶಕ ಹುಟ್ಟುವ ಮೊದಲೇ ಆಚಾರ್ಯರು ಅದನ್ನು ಕಂಡಿದ್ದರು.’ ಈ ಸಮೀಕರಣ ಶಾಸ್ತ್ರಕ್ಕೂ ಸಲ್ಲದು, ವಿಜ್ಞಾನಕ್ಕೂ ಸಲ್ಲದು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ‘ಗೊಮ್ಮಟಸಾರ’ಕ್ಕೆ ಕೇಶವವರ್ಣಿ 1359ರಲ್ಲಿ ಕನ್ನಡದಲ್ಲಿ ‘ಜೀವತತ್ತ್ವಪ್ರದೀಪಿಕೆ’ ಎಂಬ ವೃತ್ತಿಯನ್ನು ಬರೆದನು. ತುಂಗಭದ್ರೆಯ ದಂಡೆಯಲ್ಲಿ ವಿಜಯನಗರ ತಲೆಯೆತ್ತಿ ಆಗಿನ್ನೂ ಕಾಲು ಶತಮಾನವೂ ತುಂಬಿರಲಿಲ್ಲ. ಆ ಪರಂಪರೆಯ ನಿಗೋದ ಬೇರೆಯೇ ವಸ್ತು. ಅನಂತ ಜೀವಗಳು ಒಂದೇ ಶರೀರವನ್ನು ಹಂಚಿಕೊಂಡು, ಒಟ್ಟಿಗೆ ಉಸಿರಾಡಿ, ಒಟ್ಟಿಗೆ ಆಹಾರ ಕೊಂಡು, ಒಟ್ಟಿಗೆ ಹುಟ್ಟಿ ಸಾಯುವ ಸ್ಥಿತಿ ಅದು. ಅದು ಜೀವದ ಕರ್ಮಬದ್ಧ ಅವಸ್ಥೆಯೊಂದರ ವರ್ಣನೆಯೇ ಹೊರತು ಪ್ರಯೋಗಶಾಲೆಯ ವರದಿಯಲ್ಲ. ಬ್ಯಾಕ್ಟೀರಿಯಕ್ಕೆ ಕೋಶಭಿತ್ತಿಯಿದೆ, ವಂಶವಾಹಿಯಿದೆ, ಅಳತೆಯಿದೆ; ಒಂದು ಕೋಶದಲ್ಲಿ ಅನಂತ ಜೀವಗಳಿವೆಯೆಂದು ಯಾವ ಜೀವವಿಜ್ಞಾನಿಯೂ ಹೇಳಲಾರ. ಎರಡನ್ನು ಒಂದೆಂದು ಹೇಳುವವರು ಕೇಶವವರ್ಣಿಯನ್ನೂ ಓದಿಲ್ಲ, ಪಾಶ್ಚರನನ್ನೂ ಓದಿಲ್ಲ.

ಈ ಹೆಮ್ಮೆಯಿಂದ ಇನ್ನೊಂದು ಕುತರ್ಕವೂ ಹೊರಡುತ್ತದೆ. ಸೂಕ್ಷ್ಮನಿಗೋದಗಳು ಲೋಕಾಕಾಶದ ತುಂಬ ತುಂಬಿವೆಯಷ್ಟೆ. ಹಾಗಾದರೆ ಮಂಗಳನಲ್ಲಿಯೂ ಇವೆ. ಇನ್ನು ನೌಕೆಯೊಂದು ಹೊಸದಾಗಿ ಏನನ್ನು ಒಯ್ದಂತಾಯಿತು? ಪ್ರಶ್ನೆ ಜಾಣತನದ್ದು, ಆದರೆ ಉತ್ತರ ಶಾಸ್ತ್ರದಲ್ಲಿಯೇ ಇದೆ. ಸೂಕ್ಷ್ಮ ಮತ್ತು ಬಾದರ ಎಂಬ ವಿಭಾಗ ಇರುವುದೇ ಇದಕ್ಕಾಗಿ. ಸೂಕ್ಷ್ಮಜೀವಗಳನ್ನು ಯಾವ ವಸ್ತುವೂ ತಡೆಯಲಾರದು, ಯಾರೂ ಅವನ್ನು ಘಾತಿಸಲಾರರು. ಆಧಾರವನ್ನು ಬೇಡುವ, ಇನ್ನೊಂದರಿಂದ ನೋಯುವ ಬಾದರಜೀವಗಳ ವಿಷಯದಲ್ಲಿ ಮಾತ್ರ ಆಚಾರದ ಪ್ರಶ್ನೆ ಏಳುತ್ತದೆ. ಎಲ್ಲೆಡೆ ಸೂಕ್ಷ್ಮನಿಗೋದವಿದೆಯೆಂದು ಯಾವ ಶ್ರಾವಕನೂ ನೀರು ಸೋಸುವುದನ್ನು ಬಿಟ್ಟಿಲ್ಲ. ಉಮಾಸ್ವಾತಿ ಹಿಂಸೆಯನ್ನು ಲಕ್ಷಣೀಕರಿಸುವಾಗ ಪ್ರಾಣಹರಣದ ಹಿಂದೆ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ನಿಲ್ಲಿಸಿದ್ದಾನೆ. ಜೀವವಿದೆಯೋ ಇಲ್ಲವೋ ಎಂದು ತಿಳಿಯದ ನೆಲದಲ್ಲಿ ‘ಇಲ್ಲ’ವೆಂದುಕೊಂಡು ಕಾಲಿಡುವುದಕ್ಕೆ ಪ್ರಮಾದವೆಂದೇ ಹೆಸರು. ಈ ಪರಂಪರೆಯಿಂದ ಅಂತರಿಕ್ಷಯುಗಕ್ಕೆ ಸಲ್ಲಬಹುದಾದದ್ದು ‘ಮೊದಲೇ ಕಂಡಿದ್ದೆವು’ ಎಂಬ ಹಕ್ಕುಸಾಧನೆಯಲ್ಲ, ಕಾಣದಿದ್ದಾಗಲೂ ಎಚ್ಚರಿಕೆಯಿಂದ ನಡೆಯುವ ಯತ್ನಾಚಾರ.

ಇನ್ನು ಹೊರಗಿನ ಪ್ರತಿವಾದಿಗಳು. ಮಂಗಳ ಸತ್ತ ಗ್ರಹ, ತೆಳುವಾದ ಗಾಳಿ, ಉಗ್ರವಾದ ಅತಿನೇರಳೆ ಕಿರಣ, ಅಲ್ಲಿ ಭೂಮಿಯ ಯಾವ ಕ್ರಿಮಿಯೂ ಬದುಕದು, ಆದುದರಿಂದ ನೌಕೆಗಳನ್ನು ಶುದ್ಧಗೊಳಿಸುವ ವೆಚ್ಚ ವ್ಯರ್ಥ ಎಂಬುದು ಅವರ ವಾದ. ಜೀವ ಬದುಕುತ್ತದೆಯೇ ಎಂಬುದೊಂದೇ ಪ್ರಶ್ನೆಯಾಗಿದ್ದರೆ ಈ ವಾದಕ್ಕೆ ಸ್ವಲ್ಪ ಬಲವಿರುತ್ತಿತ್ತು. ಆದರೂ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದ ಹೊರಗೋಡೆಯಲ್ಲಿ ಡೈನೊಕಾಕಸ್ ಬ್ಯಾಕ್ಟೀರಿಯದ ಗುಂಪುಗಳು ಮೂರು ವರ್ಷ ಉಳಿದವೆಂದು 2020ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದ್ದನ್ನು ಮರೆಯಲಾಗದು. ನೌಕೆಗಳನ್ನು ಜೋಡಿಸುವ ಅತಿಶುದ್ಧ ಕೊಠಡಿಗಳಲ್ಲಿಯೇ ಬೀಡುಬಿಟ್ಟ ಕ್ರಿಮಿಗಳೂ ಇವೆ. 2013ರಲ್ಲಿ ಹೆಸರು ಪಡೆದ ಟೆರ್ಸಿಕಾಕಸ್ ಫೀನಿಸಿಸ್ ಆಗ ದೊರೆತಿದ್ದದ್ದು ಎರಡೇ ಕಡೆ: ಫ್ಲಾರಿಡಾದ ಒಂದು ಕೊಠಡಿ, ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಇನ್ನೊಂದು ಕೊಠಡಿ. ತೊಳೆದಷ್ಟೂ ತೊಳೆತಕ್ಕೆ ಒಗ್ಗಿಕೊಂಡವೇ ಉಳಿಯುತ್ತವೆ.

ಮುಖ್ಯ ಪ್ರಶ್ನೆ ಪಾಠದ್ದು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವರಿಗೆಲ್ಲ ಪ್ರಕ್ಷಿಪ್ತವೆಂದರೇನೆಂದು ಗೊತ್ತು. ಲಿಪಿಕಾರನ ಕೈಯಿಂದ ಹೊರಗಿನ ಪದ್ಯವೊಂದು ಒಳನುಸುಳಿದರೆ, ಅದು ನುಸುಳದ ಇನ್ನೊಂದು ಓಲೆಯ ಪ್ರತಿ ಎಲ್ಲಿಯಾದರೂ ಉಳಿದಿರುವ ತನಕ ಸಂಪಾದಕನಿಗೆ ದಾರಿಯಿದೆ. ಎಲ್ಲ ಪ್ರತಿಗಳಿಗೂ ಅದು ಹರಡಿತೆಂದರೆ ಮೂಲವನ್ನು ಮರಳಿ ಪಡೆಯುವುದು ಊಹೆಯ ಮಾತಾಗುತ್ತದೆ. ಪಾಠಗಳು ಹೀಗೆ ಒಂದರೊಳಗೊಂದು ಬೆರೆಯುವುದನ್ನು ಪಾಶ್ಚಾತ್ಯ ಗ್ರಂಥಸಂಪಾದಕರು ಕರೆಯುವ ಪಾರಿಭಾಷಿಕ ಪದವೂ, ಅಂತರಿಕ್ಷ ವಿಜ್ಞಾನಿಗಳು ಗ್ರಹಮಾಲಿನ್ಯಕ್ಕೆ ಬಳಸುವ ಪದವೂ ಒಂದೇ.

ಕಮಲಾಪುರದಿಂದ ಕಂಪ್ಲಿಗೆ ಹೋಗುವ ರಸ್ತೆಯಲ್ಲಿರುವ ಬಸದಿಯನ್ನು ಜನ ಗಾಣಗಿತ್ತಿ ಬಸದಿ ಎನ್ನುತ್ತಾರೆ. ಅದರ ಮುಂದಿನ ದೀಪಸ್ತಂಭದ ಸಂಸ್ಕೃತ ಶಾಸನದಲ್ಲಿ ಯಾವ ಗಾಣಗಿತ್ತಿಯೂ ಇಲ್ಲ. ಎರಡನೆಯ ಹರಿಹರನ ದಂಡನಾಯಕ ಇರುಗಪ್ಪನು 1385ರ ಸುಮಾರಿಗೆ ಕುಂಥುಜಿನನಾಥನಿಗೆ ಎತ್ತಿಸಿದ ಚೈತ್ಯಾಲಯವದು. ಇತ್ತ ಹೇಮಕೂಟದ ಶಿವಾಲಯಗಳನ್ನು, ಮೆಟ್ಟಿಲುಮೆಟ್ಟಿಲಾದ ಶಿಖರಗಳ ಆಕಾರವೊಂದನ್ನೇ ನೋಡಿ, ಬಹುಕಾಲ ಜೈನ ಗುಡಿಗಳೆಂದು ಬರೆಯುತ್ತ ಬಂದರು. ಪ್ರವಾಸಿಗರಿಗೆ ಇಂದೂ ಹಾಗೆ ಹೇಳುವವರಿದ್ದಾರೆ. (ತಮ್ಮದಲ್ಲದ ಗುಡಿ ತಮ್ಮ ಲೆಕ್ಕಕ್ಕೆ ಬಂದಾಗ ಜೈನರೂ ಅದನ್ನು ಅಷ್ಟಾಗಿ ತಿದ್ದಹೋಗಲಿಲ್ಲವೆಂಬುದನ್ನು ಒಪ್ಪಬೇಕು.) ಈ ಎರಡು ತಪ್ಪುಗಳನ್ನೂ ತಿದ್ದಲು ಸಾಧ್ಯವಾದದ್ದು ಶಾಸನ ಉಳಿದಿದ್ದರಿಂದ, ದ್ವಾರಬಂಧ ಉಳಿದಿದ್ದರಿಂದ, ಹೋಲಿಸಿ ನೋಡಲು ಬೇರೆ ಗುಡಿಗಳಿದ್ದುದರಿಂದ. ಮಂಗಳನ ಪ್ರತಿ ಒಂದೇ. ಅದಕ್ಕೆ ಇನ್ನೊಂದು ಓಲೆಯಿಲ್ಲ.

ಇದು ಬರಿಯ ಉಪಮೆಯಲ್ಲ. 1967ರಲ್ಲಿ ಚಂದ್ರನ ಮೇಲಿಳಿದ ಸರ್ವೇಯರ್-3ರ ಕ್ಯಾಮರಾವನ್ನು 1969ರ ನವೆಂಬರಿನಲ್ಲಿ ಅಪೊಲೊ-12ರ ಯಾತ್ರಿಕರು ಕಳಚಿ ತಂದರು. ಅದರೊಳಗೆ ಮನುಷ್ಯನ ಬಾಯಲ್ಲಿರುವ ಸ್ಟ್ರೆಪ್ಟೊಕಾಕಸ್ ಜಾತಿಯ ಕ್ರಿಮಿಯೊಂದು ದೊರೆತಾಗ, ಅದು ಚಂದ್ರನ ಮೇಲೆ ಎರಡೂವರೆ ವರ್ಷ ಬದುಕಿ ಬಂತೆಂಬ ಕಥೆ ಹರಡಿತು. ಆ ಕ್ರಿಮಿ ಸೇರಿಕೊಂಡದ್ದು ಭೂಮಿಗೆ ಮರಳಿದ ಮೇಲೆ, ಪರೀಕ್ಷಿಸುವವರ ಕೈಯಿಂದಲೇ ಇರಬೇಕೆಂದು ಮುಂದೆ ಹಳೆಯ ದಾಖಲೆಗಳನ್ನು ಪರಿಶೀಲಿಸಿದವರು ತೋರಿಸಿದರು. ಇನ್ನೊಂದು ಪ್ರಸಂಗ ಅಂಟಾರ್ಕ್ಟಿಕದ ಹಿಮದಲ್ಲಿ 1984ರಲ್ಲಿ ಸಿಕ್ಕಿದ ಮಂಗಳನ ಉಲ್ಕಾಶಿಲೆಯದು. ಅದರಲ್ಲಿ ಪ್ರಾಚೀನ ಜೀವದ ಕುರುಹಿದೆಯೆಂದು 1996ರಲ್ಲಿ ಘೋಷಣೆಯಾಯಿತು. ಅಮೆರಿಕದ ಅಧ್ಯಕ್ಷರೇ ಅದನ್ನು ಕುರಿತು ಮಾತನಾಡಿದರು. ಎರಡು ವರ್ಷದ ತರುವಾಯ ನಡೆದ ವಿಕಿರಣ ಇಂಗಾಲದ ವಿಶ್ಲೇಷಣೆ, ಅದರ ಸಾವಯವ ವಸ್ತುವಿನ ಬಹುಭಾಗ ಭೂಮಿಯದೆಂದು ಸೂಚಿಸಿತು. ಎರಡು ಕಡೆಯೂ ಜೀವ ‘ಸಿಕ್ಕಿತು’. ಓದಿಕೊಂಡದ್ದು ಮಾತ್ರ ಲಿಪಿಕಾರನ ಪ್ರಕ್ಷೇಪವನ್ನು. ಮಂಗಳನ ನೆಲದಡಿ ಎಲ್ಲಿಯೋ ಸ್ವತಂತ್ರವಾಗಿ ಹುಟ್ಟಿದ ಜೀವವೊಂದು ಇದ್ದರೆ, ವಿಶ್ವದಲ್ಲಿ ಜೀವ ಒಂದೇ ಕಡೆ ಹುಟ್ಟಿತೆ ಎಂಬ ಪ್ರಶ್ನೆಗೆ ಅದು ಉತ್ತರವಾದೀತು. ಆ ಉತ್ತರದ ಮೇಲೆ ತನ್ನ ಎಂಜಲನ್ನು ಚೆಲ್ಲಿ ಬಂದ ಮೇಲೆ ಮನುಷ್ಯ ಯಾವ ಉಪಕರಣದಿಂದ ಅದನ್ನು ಓದಿಯಾನು?

‘ಉಲ್ಕೆಗಳು ಕೋಟಿಗಟ್ಟಲೆ ವರ್ಷಗಳಿಂದ ಗ್ರಹದಿಂದ ಗ್ರಹಕ್ಕೆ ಕಲ್ಲು ಸಾಗಿಸುತ್ತಿಲ್ಲವೆ? ಅದನ್ನು ತಡೆದವರುಂಟೆ?’ ಎಂದು ಕೇಳುವವರುಂಟು. ಇದ್ದಿರಬಹುದು. ತುಂಗಭದ್ರೆಯ ನೆರೆ ತಾನಾಗಿ ಊರೊಳಗೆ ನುಗ್ಗಿದ್ದುಂಟೆಂಬ ಕಾರಣಕ್ಕೆ ಹೊಸಪೇಟೆಯ ಅಣೆಕಟ್ಟಿನ ಬಾಗಿಲುಗಳನ್ನು ನಡುರಾತ್ರಿ ಯಾರೂ ಬೇಕೆಂದೇ ತೆರೆಯುವುದಿಲ್ಲ. ‘ನಾಳೆ ಮನುಷ್ಯನೇ ಅಲ್ಲಿಗೆ ಹೋಗುತ್ತಾನೆ, ಅವನನ್ನು ಕುದಿಸಿ ಶುದ್ಧಿ ಮಾಡಲಾದೀತೆ’ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಮಾಡಲಾಗದು, ನಿಜ. ಆ ಕಾರಣದಿಂದಲೇ ಅವನು ಹೋಗುವ ಮೊದಲಿನ ಈ ಕೆಲವು ದಶಕಗಳು ಅಮೂಲ್ಯ. ಓದುವ ಕೆಲಸ ಮುಗಿಯಬೇಕಾದದ್ದು ಅಷ್ಟರೊಳಗೆ.

ಹೊರಗಿನಿಂದ ಬಂದದ್ದು ಒಂದು ನೆಲವನ್ನು ಹೇಗೆ ಆವರಿಸಿಕೊಳ್ಳುತ್ತದೆಂಬುದಕ್ಕೆ ಈ ಸೀಮೆಯವರು ಬೇರೆ ಸಾಕ್ಷಿ ಹುಡುಕಬೇಕಾಗಿಲ್ಲ. ಕಂಪ್ಲಿಯ ಕಡೆಯಿಂದ ಹೊಸಪೇಟೆಗೆ ಬರುವಾಗ ಕಾಲುವೆಯ ಏರಿಯಲ್ಲಿ, ಕೆರೆಯಂಗಳದಲ್ಲಿ, ಬೀಳುಬಿದ್ದ ಹೊಲದಲ್ಲಿ ಕಾಣುವ ಮುಳ್ಳುಗಿಡಕ್ಕೆ ಕನ್ನಡ ನಾಡು ಬಳ್ಳಾರಿ ಜಾಲಿ ಎನ್ನುತ್ತದೆ. ಹೆಸರು ಕೇಳಿದವರು ಅದು ಬಳ್ಳಾರಿಯ ಮಣ್ಣಿನಲ್ಲಿಯೇ ಹುಟ್ಟಿದ ಮರವೆಂದು ತಿಳಿದಾರು. ಅದರ ತವರು ಅಮೆರಿಕ ಖಂಡ. ಬರಡು ನೆಲದಲ್ಲಿ ಉರುವಲಾದೀತೆಂಬ ಸದುದ್ದೇಶದಿಂದ 19ನೆಯ ಶತಮಾನದ ಉತ್ತರಾರ್ಧದಲ್ಲಿ ವಸಾಹತು ಅಧಿಕಾರಿಗಳು ಅದನ್ನು ಭಾರತಕ್ಕೆ ತಂದರು. ಎಲೆಯನ್ನು ದನಕರು ಮುಟ್ಟವು, ಕಾಯಿಯನ್ನು ತಿನ್ನುತ್ತವೆ, ಬೀಜವನ್ನು ಊರೂರಿಗೆ ಹರಡುತ್ತವೆ. ಬಡವರಿಗೆ ಸೌದೆಯೂ ಇದ್ದಿಲೂ ಅದರಿಂದ ದಕ್ಕಿದ್ದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಅದು ಬರುವ ಮೊದಲು ಆ ಕೆರೆಯಂಗಳದಲ್ಲಿ ಏನು ಬೆಳೆಯುತ್ತಿತ್ತೆಂದು ಇಂದು ಹೇಳಬಲ್ಲವರು ಕಡಿಮೆ. ನೂರೈವತ್ತು ವರ್ಷಗಳಲ್ಲಿ ಅನ್ಯವೊಂದು ಜಿಲ್ಲೆಯ ಹೆಸರನ್ನೇ ತೊಟ್ಟುಕೊಂಡಿತು! ಕಣ್ಣೆದುರು ಬೆಳೆಯುವ ಮರದ ವಿಷಯದಲ್ಲಿ ಹೀಗಾದರೆ, ಕಾಣದ ಕ್ರಿಮಿಯ ವಿಷಯದಲ್ಲಿ ಯಾರು ಲೆಕ್ಕವಿಟ್ಟಾರು?

ಲೆಕ್ಕವಿಡುವುದು ಸಾಧ್ಯ ಎಂಬುದನ್ನೂ ಹೇಳಬೇಕು. 1976ರಲ್ಲಿ ಮಂಗಳನ ಮೇಲಿಳಿದ ಎರಡು ವೈಕಿಂಗ್ ನೌಕೆಗಳನ್ನು ಉಡಾವಣೆಯ ಮೊದಲು ಸುಮಾರು 110 ಡಿಗ್ರಿ ಸೆಲ್ಸಿಯಸ್ ಒಣಬಿಸಿಯಲ್ಲಿ ಒಂದು ಹಗಲು ಒಂದು ರಾತ್ರಿಗೂ ಮಿಕ್ಕಿ ಇರಿಸಿದ್ದರು. ಇಂದಿನ ಕೋಸ್ಪಾರ್ ನಿಯಮದಲ್ಲಿ, ಜೀವವನ್ನು ಹುಡುಕುವ ಉದ್ದೇಶವಿಲ್ಲದೆ ಮಂಗಳನ ಮೇಲಿಳಿಯುವ ಸಾಧಾರಣ ನೌಕೆಯೂ ಹೊತ್ತೊಯ್ಯಬಹುದಾದ ಬೀಜಾಣುಗಳ ಮಿತಿ 3 ಲಕ್ಷ. ಯೂರೋಪಾ ಉಪಗ್ರಹದ ಹಿಮದಡಿಯ ಕಡಲಿಗೆ ಅಪಾಯವಾಗಬಾರದೆಂದು 2003ರಲ್ಲಿ ಗೆಲಿಲಿಯೊ ನೌಕೆಯನ್ನು ಗುರುಗ್ರಹದೊಳಗೆ ಬೀಳಿಸಿ ಸುಟ್ಟರು. 2017ರಲ್ಲಿ ಕ್ಯಾಸಿನಿಗೆ ಶನಿಯಲ್ಲಿ ಅದೇ ಗತಿಯಾಯಿತು. ತನ್ನ ಉಪಕರಣವನ್ನು ತಾನೇ ಇಲ್ಲವಾಗಿಸುವ ಈ ನಡೆಗೆ ಸಲ್ಲೇಖನದ ಹೆಸರಿಡಲು ಕೆಲವರು ಹವಣಿಸಬಹುದು. ಅಷ್ಟು ದೂರ ಹೋಗಬೇಕಿಲ್ಲ, ಅದು ಒಳ್ಳೆಯ ಆಡಳಿತ, ಅಷ್ಟೆ. ಇದಕ್ಕೆ ವಿರುದ್ಧವಾದ ನಿದರ್ಶನ 2019ರ ಏಪ್ರಿಲಿನದು. ಇಸ್ರೇಲಿನ ಖಾಸಗಿ ನೌಕೆ ಬೆರೆಶೀಟ್ ಚಂದ್ರನಿಗೆ ಅಪ್ಪಳಿಸಿದ ಮೇಲೆ, ಅದರಲ್ಲಿ ಒಣಗಿಸಿಟ್ಟ ಸಾವಿರಾರು ನೀರುಕರಡಿಗಳಿದ್ದ ಸಂಗತಿ ಹೊರಬಿತ್ತು. ಎಂಟು ಕಾಲಿನ ಆ ಅತಿಸಣ್ಣ ಪ್ರಾಣಿಗಳನ್ನು ಒಳಗಿಟ್ಟವರು ಆ ವಿಷಯವನ್ನು ಮುಂಚಿತವಾಗಿ ಬಹಿರಂಗಪಡಿಸಿರಲಿಲ್ಲ. ಅವು ಅಲ್ಲಿ ಬೆಳೆಯಲಾರವು. ಕೇಳಬೇಕಾದ ಪ್ರಶ್ನೆ ಅದಲ್ಲ, ಅನುಮತಿ ಕೊಟ್ಟವರು ಯಾರೆಂಬುದು.

ಇದೇ ಪ್ರಶ್ನೆ ಭಾರತಕ್ಕೂ ಬಂದಿದೆ. 2008ರಲ್ಲಿ ಚಂದ್ರಯಾನ-1ರ ಶೋಧಕ ಚಂದ್ರನಿಗೆ ಬಡಿಯಿತು, 2019ರಲ್ಲಿ ವಿಕ್ರಮ್ ಬಿದ್ದಿತು, 2023ರ ಆಗಸ್ಟ್ 23ರಂದು ಚಂದ್ರಯಾನ-3 ನಯವಾಗಿ ಇಳಿಯಿತು. ಚಂದ್ರನಿಗೆ ಕೋಸ್ಪಾರ್ ನಿಯಮ ಸಡಿಲ. ದಾಖಲೆ ಒದಗಿಸಿದರೆ ಸಾಕು, ನೌಕೆಯನ್ನು ಕಾಯಿಸಬೇಕಿಲ್ಲ. ಅದು ಸರಿಯೂ ಹೌದು. ಮಂಗಳಯಾನ 2014ರಿಂದ 2022ರವರೆಗೆ ಮಂಗಳನನ್ನು ಸುತ್ತಿ ಮೌನವಾಯಿತು. ಅದು ಇಳಿಯಲು ಹೋದದ್ದಲ್ಲ. ಆದರೆ ಮಂಗಳನ ನೆಲಕ್ಕೇ ಇಳಿಯುವ ಮಾತು ಈಗ ನಡೆದಿದೆ. ಚಂದ್ರನ ಮಣ್ಣನ್ನು ತರುವ ಚಂದ್ರಯಾನ-4ಕ್ಕೆ 2024ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದೆ. ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆದಿದೆ. ಇಷ್ಟಾದರೂ 2017ರಲ್ಲಿ ಹೊರಬಂದ ಬಾಹ್ಯಾಕಾಶ ಚಟುವಟಿಕೆಗಳ ಕರಡು ಮಸೂದೆ ಕಾನೂನಾಗಲಿಲ್ಲ. ಕೋಸ್ಪಾರ್ ನಿಯಮಗಳೋ ವಿಜ್ಞಾನಿಗಳ ನಡುವಿನ ಒಡಂಬಡಿಕೆ, ಮುರಿದವನಿಗೆ ದಂಡವಿಲ್ಲ. ಸಂಸತ್ತು ಕಾನೂನು ಮಾಡದೆ ಈ ಹೊಣೆ ಯಾರ ತಲೆಗೂ ಕಟ್ಟುಬೀಳುವುದಿಲ್ಲ. ನೌಕೆಯ ಮೇಲಿರುವ ಜೀವಾಣುಗಳ ಲೆಕ್ಕ, ಅದನ್ನು ಎಣಿಸಿದ ಬಗೆ, ಬಿದ್ದ ನೌಕೆಯಲ್ಲಿದ್ದ ಸಾವಯವ ವಸ್ತುಗಳ ಪಟ್ಟಿ, ಇವುಗಳನ್ನು ಪ್ರತಿ ಯಾನದ ಜೊತೆಗೂ ಸಾರ್ವಜನಿಕವಾಗಿ ಪ್ರಕಟಿಸಬೇಕೆಂದು ಆ ಕಾನೂನು ಕಡ್ಡಾಯ ಮಾಡಬೇಕು. ಉಡಾವಣೆಯ ಸಂಭ್ರಮದ ಪುಟಗಳಲ್ಲಿ ಈ ಬೇಡಿಕೆಯನ್ನು ಎತ್ತದ ಕನ್ನಡ ಪತ್ರಿಕೆಗಳೂ ವಿದ್ವತ್ ವಲಯವೂ ತಮ್ಮ ಕೆಲಸವನ್ನು ಮಾಡುತ್ತಿಲ್ಲ.

ಮಂಗಳನ ಹಳೆಯ ಜೀವವನ್ನು ಹುಡುಕುವವರು ಯಾವ ಕಲ್ಲನ್ನು ಹುಡುಕುತ್ತಾರೋ ಅಂಥ ಕಲ್ಲು ಸಂಡೂರಿನಲ್ಲಿದೆ. ಕುಮಾರಸ್ವಾಮಿ ಬೆಟ್ಟ, ರಾಮನದುರ್ಗ, ದೋಣಿಮಲೈಗಳನ್ನು ಒಳಗೊಂಡ ಸಂಡೂರು ಶಿಸ್ಟ್ ಪಟ್ಟಿಯ ವಯಸ್ಸು 250 ಕೋಟಿ ವರ್ಷಗಳಿಗೂ ಮಿಕ್ಕಿದ್ದು. ಅದರ ಪದರಶಿಲೆಗಳಲ್ಲಿ ಸೂಕ್ಷ್ಮಜೀವಿಗಳ ಹಾಸುಗಳು ಕಟ್ಟಿದ ಸ್ಟ್ರೊಮ್ಯಾಟೊಲೈಟುಗಳನ್ನೂ, ಚರ್ಟ್ ಶಿಲೆಯಲ್ಲಿ ಸೈನೊಬ್ಯಾಕ್ಟೀರಿಯದಂಥ ಕೋಶಗಳ ಅಚ್ಚುಗಳನ್ನೂ 1980ರ ದಶಕದಲ್ಲಿ ಭೂವಿಜ್ಞಾನಿಗಳು ವರದಿ ಮಾಡಿದರು. ಇಷ್ಟು ಹಳೆಯ ಕುರುಹುಗಳೆಲ್ಲ ವಿವಾದಕ್ಕೆ ಒಳಪಡುವಂಥವು. ವಿವಾದ ತೀರಬೇಕಾದರೆ ಕಲ್ಲು ಇದ್ದಲ್ಲಿ ಇರಬೇಕು, ಹಾಳಾಗದೆ ಇರಬೇಕು. ಮಂಗಳನ ಮಣ್ಣಿಗೆ ಕೆಂಪು ಬಣ್ಣ ಕೊಟ್ಟ ಕಬ್ಬಿಣದ ಆಕ್ಸೈಡೇ ಹೊಸಪೇಟೆಯ ದಾರಿಯ ಮರಗಳ ಎಲೆಗಳ ಮೇಲೆ ಅದಿರು ಲಾರಿಗಳ ಧೂಳಾಗಿ ಕೂತದ್ದನ್ನು ಕಂಡವರಿಗೆ ಈ ಪಟ್ಟಿಗೆ ಏನಾಯಿತೆಂದು ಹೇಳಬೇಕಿಲ್ಲ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಬಳಿಕ ಷರತ್ತುಗಳೊಡನೆ ಅದು ಮತ್ತೆ ಶುರುವಾಯಿತು. 2024ರಲ್ಲಿ ದೇವದಾರಿಯ ಸುಮಾರು 400 ಹೆಕ್ಟೇರ್ ಅರಣ್ಯಭೂಮಿಯನ್ನು ಗಣಿಗೆ ಕೊಡುವ ಪ್ರಶ್ನೆ ಎದ್ದಾಗ ವಾದವೆಲ್ಲ ಮರಗಳನ್ನು ಕುರಿತೇ ನಡೆಯಿತು. ಮರಗಳನ್ನು ಕುರಿತು ನಡೆಯಬೇಕಾದದ್ದೇ. ಅವುಗಳ ಅಡಿಯ ಕಲ್ಲಿನ ಗ್ರಂಥವನ್ನು ಕುರಿತು ಮಾತೆತ್ತಿದವರು ವಿರಳ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಕರ್ನಾಟಕದಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಗುರುತಿಸಿದವುಗಳಲ್ಲಿ ಲಾಲ್‌ಬಾಗಿನ ಬಂಡೆಯಿದೆ, ಮರಡಿಹಳ್ಳಿಯ ದಿಂಬುಲಾವಾ ಇದೆ, ಸೇಂಟ್ ಮೇರೀಸ್ ದ್ವೀಪದ ಶಿಲಾಸ್ತಂಭಗಳಿವೆ, ಕೋಲಾರದ ಜ್ವಾಲಾಮುಖಿ ಶಿಲೆಗಳಿವೆ. ರಾಜಸ್ಥಾನದ ಸ್ಟ್ರೊಮ್ಯಾಟೊಲೈಟು ನೆಲೆಗಳಿಗೂ ಆ ಮನ್ನಣೆ ದೊರೆತಿದೆ. ಸಂಡೂರು ಆ ಪಟ್ಟಿಯಲ್ಲಿಲ್ಲ. ಹಂಪಿಯ ಕಲ್ಲುಗಳಿಗೆ 1986ರಲ್ಲಿ ವಿಶ್ವಪರಂಪರೆಯ ಮುದ್ರೆ ಬಿತ್ತು. ಅಲ್ಲಿಂದ ಒಂದು ಗಂಟೆಯ ಹಾದಿಯಲ್ಲಿರುವ, ಜೀವಚರಿತ್ರೆಯ ಮೊದಲ ಅಧ್ಯಾಯಗಳಲ್ಲೊಂದನ್ನು ಹೊತ್ತ ಕಲ್ಲುಗಳಿಗೆ ಕಾವಲಿನ ಒಂದು ಫಲಕವನ್ನಾದರೂ ಕೇಳುವ ಮನವಿಯನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಸಂಶೋಧಕರು ಈ ವರ್ಷವೇ ಸರ್ವೇಕ್ಷಣೆಗೆ ಬರೆದು ಕಳುಹಿಸಬಹುದು.